ಪಾಡಿಗೆ ಬಿಡುವ ಪಕ್ಷದ ಗೆಲುವು

ಈಗಲೇ ಹೇಳಿಬಿಡುವುದೋ, ಕಾಫಿ ಕುಡಿದ ಮೇಲೆ ಹೇಳುವುದೋ? ಈಗಲೇ ಹೇಳಿದರೆ ಒಲೆಯ ಮೇಲಿಟ್ಟ ಹಾಲು ಹಾಗೇ ಕೆಳಗಿಳಿದೀತು. ಕುಡಿದು ಹೇಳಿದರೆ, ಇಷ್ಟು ಹೊತ್ತು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿಯಾರು. ಅಷ್ಟಕ್ಕೂ ತಾನು ಆಡಿದ್ದರಲ್ಲಿ ಸುಳ್ಳೆಲ್ಲಿದೆ? ಬನ್ನಿ ಎಂದು ಕರೆದದ್ದು ನಿಜ. ಜೂನ್ ಮೂರು, ಭಾನುವಾರ, ಬೆಳಿಗ್ಗೆ ಹತ್ತೂವರೆ ಎಂದದ್ದೂ ನಿಜ. ಯಾತಕ್ಕೆ ಎಂದು ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡದಿರುವುದು ಯಾವ ಶಾಸ್ತ್ರದಲ್ಲಿ ಸುಳ್ಳಾಗುತ್ತದೆ?

ಹೀಗೆ ಯೋಚಿಸುತ್ತ ಸಂಜೀವ ಹುಚ್ಚಮ್ಮನವರ ಮನೆಯ ಸೋಫಾದ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗಬಲ್ಲವನ ಹಾಗೆ ಕೂತಿದ್ದ. ಕೈಯಲ್ಲಿ ಬೆಳ್ಳಿಯ ಕುಂಕುಮದ ಭರಣಿ. ಎದುರಿಗೆ ಎಂಬತ್ತು ದಾಟಿದ ಹುಚ್ಚಮ್ಮ, ಎರಡೂ ಕಣ್ಣಿಗೆ ಪೊರೆ ಬಂದವರು. ಅವರು ಇವನು ಕೊಟ್ಟ ಕಾರ್ಡಿನ ಮೂಲೆಗಳನ್ನು ಬೆರಳಿನಿಂದ ಸವರಿ, ಅರಿಶಿನದ ವಾಸನೆ ನೋಡಿ, ಅದನ್ನು ಕಣ್ಣಿಗೊತ್ತಿಕೊಂಡಿದ್ದರು.

"ಅಂತೂ ನಿನ್ನ ಮಗಳಿಗೆ ಕಂಕಣ ಕೂಡಿಬಂತಲ್ಲಪ್ಪ" ಎಂದಿದ್ದರು. "ಹುಡುಗ ಏನ್ ಮಾಡ್ಕೊಂಡಿದಾನೆ?"

ಸಂಜೀವನ ಬಾಯಿ ತೆರೆದದ್ದು ತಪ್ಪು ತಿದ್ದುವುದಕ್ಕೇ. ಅಷ್ಟರಲ್ಲಿ ಹುಚ್ಚಮ್ಮ, ಸೊಸೆಯ ಕಡೆ ತಿರುಗಿ, ಆ ದಿನ ಯಾರೂ ಎಲ್ಲಿಗೂ ಹೋಗಕೂಡದು, ಮನೆಯ ಆರು ಜನರೂ ಹೊರಡಬೇಕು ಎಂದು ಅಪ್ಪಣೆ ಮಾಡಿದರು. ಆರು ಜನ. ಆರು ಕೈ. ತೆರೆದ ಬಾಯಿಯಿಂದ ಬೇರೆಯೇ ಮಾತು ಬಂತು.

"ಎಲ್ಲಾ ಅದರಲ್ಲೇ ಬರೆದಿದೆ ಅಮ್ಮ."

ಇದೂ ನಿಜವೇ. ಸೊಸೆ ಕಾರ್ಡನ್ನು ಬಿಡಿಸಿ, ಒಳಗಿನ ಹಾಳೆಯನ್ನು ತಲೆಕೆಳಗಾಗಿ ಹಿಡಿದು, ಕಣ್ಣನ್ನು ಎಡದಿಂದ ಬಲಕ್ಕೆ ನಾಲ್ಕು ಸಲ ಓಡಿಸಿ, "ತುಂಬಾ ಚೆನ್ನಾಗಿ ಬರ್ಸಿದೀರ ಅಂಕಲ್" ಎಂದು ಹೊಗಳಿದಳು. ಆಗ ಸಂಜೀವನಿಗೆ ಎರಡು ವಿಷಯ ಒಟ್ಟಿಗೇ ತಿಳಿದವು. ಇವಳಿಗೆ ಕನ್ನಡ ಓದಲು ಬರುವುದಿಲ್ಲ. ಬರುವುದಿಲ್ಲವೆಂದು ಅವಳು ಸಾಯುವ ತನಕ ಹೇಳುವುದೂ ಇಲ್ಲ.

ಕಾಫಿ ಬಂತು. ಅವನು ಕುಡಿದ. ಅದು ಅವನು ಪ್ರಚಾರಕ್ಕೆ ಹೋದ ಮೂರನೆಯ ಮನೆ.

ಸಂಜೀವ ಮದರಾಸಿನಲ್ಲೇ ಹುಟ್ಟಿ ಬೆಳೆದವನು. ಅದಕ್ಕೆ ಚೆನ್ನೈ ಎಂದು ಹೆಸರಾದ ಮೇಲೂ ಅಲ್ಲೇ ಉಳಿದವನು. ಸರ್ಕಾರದ ವಿಮಾ ಕಚೇರಿಯೊಂದರಲ್ಲಿ ಮೇಲ್ವಿಚಾರಕ. ವಡಪಳನಿಯಲ್ಲಿ ಎರಡು ಕೋಣೆಯ ಫ್ಲ್ಯಾಟು, ಮಂಡಿನೋವಿನ ಹೆಂಡತಿ ರಂಜನಿ, ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಮಗಳು ಮಾನ್ಯಾ. ಇಂಥ ಮನುಷ್ಯ ಒಂದು ರಾಜಕೀಯ ಪಕ್ಷ ಕಟ್ಟಿದ್ದಕ್ಕೆ ಲಸ್ ಕಾರ್ನರಿನ ಹಳೆಯ ಪುಸ್ತಕದಂಗಡಿಯೇ ಕಾರಣ. ಅಲ್ಲಿ ಅವನಿಗೆ ರಟ್ಟು ಕಳಚಿದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಬರೆದವರ ಹೆಸರು ರಟ್ಟಿನ ಜೊತೆಗೇ ಹೋಗಿತ್ತು. ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕು, ಯಾರೂ ಯಾರನ್ನೂ ಬಲವಂತ ಮಾಡಕೂಡದು, ಆಳುವವರು ಎಷ್ಟು ಕಡಿಮೆ ಆಳುತ್ತಾರೋ ಅಷ್ಟು ಒಳ್ಳೆಯದು ಎಂಬುದು ಅದರ ತಿರುಳು. ಸಂಜೀವ ಅದನ್ನು ಓದಿ ಮೂರು ದಿನ ಬೇರೆ ಮನುಷ್ಯನಾಗಿದ್ದ. ನಾಲ್ಕನೆಯ ದಿನ ವಿಮೆಯನ್ನು ಖಾಸಗಿಯವರಿಗೆ ತೆರೆಯಬಾರದೆಂದು ಕಚೇರಿಯಲ್ಲಿ ಮುಷ್ಕರವಾಯಿತು. ತೆರೆದರೆ ಒಳ್ಳೆಯದೆಂದು ಮನಸಾರೆ ನಂಬಿದ್ದ ಸಂಜೀವ ಕೆಂಪು ಬಾವುಟ ಹಿಡಿದು ಮುಂದಿನ ಸಾಲಿನಲ್ಲಿ ನಿಂತಿದ್ದ. ಬಾವುಟ ಕೈಗೆ ಕೊಟ್ಟವರಿಗೆ ಬೇಡ ಎನ್ನಲು ಅವನಿಗೆ ನಾಚಿಕೆಯಾಗಿತ್ತು.

ಪುಸ್ತಕದ ಒಂದು ಅಧ್ಯಾಯ ಪೂರ್ತಿ ಅಳಲಿನದು. ಎರಡು ದೊಡ್ಡ ಪಕ್ಷಗಳ ನಡುವೆ ಇಂಥ ಸ್ವಾತಂತ್ರ್ಯದ ಪಕ್ಷ ಎಲ್ಲೇ ನಿಂತರೂ ನೂರಕ್ಕೆ ಒಂದು ಓಟು ಬರುವುದೂ ಕಷ್ಟ, ಯಾಕೆ ಹೀಗೆ, ಗೆಲ್ಲಬೇಕಾದರೆ ಏನು ಮಾಡಬೇಕು ಎಂದು. ಲೇಖಕರು ನಾಲ್ಕು ಉಪಾಯ ಹೇಳಿದ್ದರು. ದೊಡ್ಡ ಚುನಾವಣೆ ಬಿಟ್ಟು ಚಿಕ್ಕದರಲ್ಲಿ ನಿಲ್ಲಿ. ಎರಡು ಪಕ್ಷಕ್ಕೂ ಅಂಟಿಕೊಂಡವರನ್ನು ಬಿಟ್ಟು, ಓಟು ಹಾಕಲು ಬರದೆ ಮನೆಯಲ್ಲಿ ಕೂರುವವರನ್ನು ಹಿಡಿಯಿರಿ. ಸ್ವತಃ ಮನೆಮನೆಗೆ ಹೋಗಿ ಕರೆಯಿರಿ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು ಎಂಬಲ್ಲಿಗೆ ಪುಟ ಮುಗಿದು, ಮುಂದಿನ ಪುಟವನ್ನು ಹುಳು ತಿಂದಿತ್ತು. ಮೂರೇ ಸಾಕು ಎಂದು ಸಂಜೀವ ತೀರ್ಮಾನಿಸಿದ.

ಚಿಕ್ಕ ಚುನಾವಣೆಯನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ವಡಪಳನಿ ಕನ್ನಡ ಬಳಗದಲ್ಲಿ ಇಪ್ಪತ್ತು ವರ್ಷದಿಂದ ಎರಡೇ ಪಕ್ಷ: ರೈಲ್ವೆಯವರದು ಒಂದು, ಬ್ಯಾಂಕಿನವರದು ಒಂದು. ರೈಲ್ವೆಗೆ ನಿವೃತ್ತ ಗಾರ್ಡ್ ಗುಂಡಣ್ಣ ನಾಯಕರು, ಹುಬ್ಬಳ್ಳಿ ಕಡೆಯವರು. ಬ್ಯಾಂಕಿಗೆ ಮ್ಯಾನೇಜರ್ ಪ್ರಮೋದ್. ಒಂದು ಸಲ ಇವರು, ಒಂದು ಸಲ ಅವರು. ಯಾರು ಬಂದರೂ ಆಡಳಿತ ಒಂದೇ: ಬಳಗದ ಸಭೆಯ ಹಾಲ್‌ನಲ್ಲಿ ತಮಿಳು ಮಾತಾಡಿದ ಮಕ್ಕಳಿಗೆ ಎಂಟಾಣೆ ದಂಡ, ಮತ್ತು ಅಧ್ಯಕ್ಷರ ಭಾಷಣ ಮುಗಿಯುವ ತನಕ ಬಾಗಿಲಿಗೆ ಒಳಗಿನಿಂದ ಚಿಲಕ. ಚಿಲಕ ಹಾಕದಿದ್ದರೆ ಜನ ಭಾಷಣ ಬಿಟ್ಟು ನೇರವಾಗಿ ಊಟಕ್ಕೆ ಬರುತ್ತಾರೆಂಬುದು ಎರಡೂ ಪಕ್ಷಗಳು ಒಪ್ಪಿದ ಸತ್ಯ. ಮುನ್ನೂರು ಚಿಲ್ಲರೆ ಆಜೀವ ಸದಸ್ಯರಲ್ಲಿ ಚುನಾವಣೆಗೆ ಬರುತ್ತಿದ್ದವರು ನಲವತ್ತು. ಉಳಿದವರು ತಾತನ ಕಾಲಕ್ಕೇ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು. ಮನೆಯಲ್ಲಿ ಕನ್ನಡ ಆಡುತ್ತಾರೆ. ಶಾಲೆಯಲ್ಲಿ ಕಲಿತದ್ದು ತಮಿಳು.

ಎರಡು ಸಾವಿರದ ಒಂದನೇ ಇಸವಿಯ ಮೇ ತಿಂಗಳು. ರಾಜ್ಯದ ಚುನಾವಣೆ ಮುಗಿದು ಗೋಡೆಯ ಮೇಲಿನ ಬಣ್ಣ ಇನ್ನೂ ಹಸಿಯಾಗಿತ್ತು. ಅದೇ ಬಿಸಿಯಲ್ಲಿ ಸಂಜೀವ 'ಪಾಡಿಗೆ ಬಿಡುವ ಪಕ್ಷ'ವನ್ನು ಸ್ಥಾಪಿಸಿದ. ಸ್ಥಾಪನೆಯ ಸಭೆ ಅಡುಗೆಮನೆಯಲ್ಲಿ ನಡೆಯಿತು. ರಂಜನಿ ಬೀನ್ಸ್ ಹೆಚ್ಚುತ್ತಿದ್ದಳು. ಚಿಲಕ ತೆಗೆಸುವುದು, ದಂಡ ತೆಗೆಸುವುದು, ಯಾರಿಗೂ ಯಾತಕ್ಕೂ ಬಲವಂತವಿಲ್ಲ ಎಂಬ ಪ್ರಣಾಳಿಕೆಯನ್ನು ಒಳ್ಳೆಯ ಕನ್ನಡದಲ್ಲಿ ಬರೆದು ಮುದ್ರಿಸಲು ಸೌಕಾರ್‌ಪೇಟೆಗೆ ಹೋದ. ಅಲ್ಲಿ ಮದುವೆ ಕರೆಯೋಲೆ ಅಚ್ಚು ಹಾಕುವ ಚಂದು ಎಂಬವನ ಅಂಗಡಿಯಲ್ಲಿ, ಗಣಪತಿ ಮತ್ತು ಬಾಳೆಕಂಬದ ಉಬ್ಬು ಚಿತ್ರವಿದ್ದ ಕಾರ್ಡುಗಳು ಅರ್ಧ ಬೆಲೆಗೆ ಉಳಿದಿದ್ದವು. ಪಕ್ಷದ ಆರ್ಥಿಕ ಸ್ಥಿತಿಗೆ ಅದು ಒಪ್ಪುವಂತಿತ್ತು. ಕಾರ್ಡು ಕಟ್ಟಿಕೊಡುವಾಗ ಚಂದು ಒಂದೊಂದರ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತ ಕೂತ. ಇದು ಮದುವೆಯಲ್ಲ, ಚುನಾವಣೆ ಎಂದು ಸಂಜೀವ ತಿಳಿಸಿ ಹೇಳಿದ. ಅರಿಶಿನವಿಲ್ಲದೆ ತನ್ನ ಅಂಗಡಿಯ ಮೆಟ್ಟಿಲು ಇಳಿದ ಕಾರ್ಡು ಇದುವರೆಗೆ ಇಲ್ಲ, ಚುನಾವಣೆ ಏನು ಅಮಂಗಳವೇ ಎಂದು ಚಂದು ಕೇಳಿದ. ಬಲವಂತ ಕೂಡದೆಂಬ ಪಕ್ಷದ ಅಧ್ಯಕ್ಷ ದುಡ್ಡು ಎಣಿಸಿಕೊಟ್ಟ.

ಮನೆಯಲ್ಲಿ ರಂಜನಿಯದು ಇನ್ನೊಂದು ಪಟ್ಟು. ಹಿರಿಯರ ಮನೆಗೆ ಹೋಗಿ ಬನ್ನಿ ಎಂದು ಕರೆಯುವಾಗ ಕುಂಕುಮ ಅಕ್ಷತೆ ಇಲ್ಲದೆ ಬರೀ ಕೈಯಲ್ಲಿ ಹೋಗುತ್ತಾರೆಯೇ, ನಾಳೆ ಯಾರಾದರೂ ತನ್ನನ್ನು ಆಡಿಕೊಳ್ಳುವುದಿಲ್ಲವೇ ಎಂದು ಬೆಳ್ಳಿಯ ಭರಣಿಯನ್ನು ಕೈಗಿಟ್ಟಳು. ಮಂಡಿನೋವು ಇಲ್ಲದಿದ್ದರೆ ಅವಳೇ ಜೊತೆಗೆ ಬರುತ್ತಿದ್ದಳು. ಬಂದಿದ್ದರೆ ಈ ಕಥೆ ಮೂರನೆಯ ಮನೆಯಲ್ಲೇ ಮುಗಿಯುತ್ತಿತ್ತು.

ಮುಗಿಯಲಿಲ್ಲ. ನಾಲ್ಕನೆಯ ಮನೆಯಿಂದ ಐವತ್ತೊಂದನೆಯ ಮನೆಯವರೆಗೆ ಒಂದೇ ನಾಟಕ. ಕಾರ್ಡು ಕೈಗೆ ಬಂದೊಡನೆ ಗಣಪತಿ ಕಾಣುತ್ತಿದ್ದ, ಅರಿಶಿನ ಕಾಣುತ್ತಿತ್ತು, ತಾರೀಕು ಗಂಟೆಯ ಅಂಕಿಗಳು ಕಾಣುತ್ತಿದ್ದವು. ಅಕ್ಷರ ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ಹುಡುಗ ಯಾರು ಎಂದು ಕೇಳೋಣವೆಂದರೆ, ಅದು ಕಾರ್ಡಿನಲ್ಲೇ ಇರಬೇಕಲ್ಲ. ಕೇಳಿದರೆ ಓದಲು ಬಾರದೆಂದು ಒಪ್ಪಿಕೊಂಡ ಹಾಗೆ. ಆದ್ದರಿಂದ ಎಲ್ಲರೂ ಒಳ್ಳೆಯ ಸಂಬಂಧ ಎಂದರು. ಅಂಬುಜಾ ಎಂಬಾಕೆ, ಬಳಗದ ಮಕ್ಕಳ ಕನ್ನಡ ಭಾಷಣ ಸ್ಪರ್ಧೆಗೆ ಹತ್ತು ವರ್ಷದಿಂದ ತೀರ್ಪುಗಾರಳಾಗಿದ್ದವಳು, ಕಾರ್ಡನ್ನು ಬಹಳ ಹೊತ್ತು ನೋಡಿ, ಈ ಕಾಲದಲ್ಲಿ ಇಂಥ ಶುದ್ಧ ಕನ್ನಡ ಯಾರು ಬರೆಯುತ್ತಾರೆ ಎಂದು ನಿಟ್ಟುಸಿರು ಬಿಟ್ಟಳು. ಕೆಲವರು ಅಡುಗೆ ಯಾರದು ಎಂದು ಕೇಳಿದರು. ಸಂಜೀವ ಎಲ್ಲಕ್ಕೂ ಒಂದೇ ಉತ್ತರ ಕೊಟ್ಟ: ಎಲ್ಲಾ ಅದರಲ್ಲೇ ಬರೆದಿದೆ. ರೈಲ್ವೆಯವರ, ಬ್ಯಾಂಕಿನವರ ಮನೆಗಳಿಗೆ ಅವನು ಹೋಗಲೇ ಇಲ್ಲ. ಅಂಟಿಕೊಂಡವರನ್ನು ಬಿಡಿ ಎಂದು ಪುಸ್ತಕ ಹೇಳಿತ್ತು. ಅವರಿಗೆ ಕನ್ನಡ ಓದಲು ಬರುತ್ತಿತ್ತು ಎಂಬುದು ಆಮೇಲಿನ ಮಾತು.

ಚುನಾವಣೆಗೆ ಮೂರು ದಿನ ಮುಂಚೆ, ಗುರುವಾರ ಸಾಯಂಕಾಲ, ತಿರುವಲ್ಲಿಕ್ಕೇಣಿಯಿಂದ ಶಾರದಮ್ಮನವರ ಫೋನು ಬಂತು.

ಶಾರದಮ್ಮನವರ ಮಗ ಸುಘೋಷ. ಮಾನ್ಯಾಳನ್ನು ನೋಡಲು ಏಪ್ರಿಲ್‌ನಲ್ಲಿ ಬಂದಿದ್ದ. ಆಮೇಲೆ ಕನ್ನಡಕದ ನಂಬರು ನೋಡಿಸಿಕೊಳ್ಳುವ ನೆಪದಲ್ಲಿ ಒಂದು ಸಲ ಆಸ್ಪತ್ರೆಗೂ ಹೋಗಿದ್ದ; ಅವನಿಗೆ ಕನ್ನಡಕವೇ ಬೇಕಾಗಿರಲಿಲ್ಲ. ಅದನ್ನು ಹೇಳಿಕೊಂಡು ಮಾನ್ಯಾ ಒಂದು ವಾರ ನಕ್ಕಿದ್ದಳು. ಏಳು ಸಂಬಂಧ ಬೇಡವೆಂದವಳು ಈ ಹೆಸರು ಬಂದಾಗ ಎದ್ದು ನೀರು ಕುಡಿಯಲು ಹೋಗುತ್ತಿದ್ದಳು. ಮಂತ್ರಾಲಯಕ್ಕೆ ಹೋಗಿ ಬಂದು ತಾಂಬೂಲದ ಮಾತು ಆಡುತ್ತೇವೆ ಎಂದು ಶಾರದಮ್ಮ ಹೇಳಿದ್ದರು.

ರಂಜನಿ ಫೋನು ಇಟ್ಟು ಗೋಡೆ ನೋಡುತ್ತ ನಿಂತಳು.

"ಒಳ್ಳೇದಾಗ್ಲಿ, ನಮಗೂ ಒಂದು ಮಾತು ಹೇಳಿದ್ರೆ ನಾವೇನು ಬೇಡ ಅಂತಿದ್ವಾ ಅಂದು ಕಟ್ ಮಾಡಿಬಿಟ್ರು" ಎಂದಳು. "ಯಾರಿಗೆ ಒಳ್ಳೇದಾಗ್ಲಿ ಅಂತ ಅಂದಿದ್ದು ಅವರು?"

ಸಂಜೀವನಿಗೆ ಗೊತ್ತಾಯಿತು. ಹುಚ್ಚಮ್ಮನವರ ಮಗಳನ್ನು ತಿರುವಲ್ಲಿಕ್ಕೇಣಿಗೇ ಕೊಟ್ಟಿತ್ತು. ಈಗಲೇ ಬಸ್ಸು ಹತ್ತಿದರೆ ಎಂಟು ಗಂಟೆಗೆ ಶಾರದಮ್ಮನವರ ಮನೆಯಲ್ಲಿರಬಹುದು. ಆದರೆ ಎಂಟಕ್ಕೆ ಅಲ್ಲಿ ಹೇಳಿದ್ದು ಹತ್ತಕ್ಕೆ ಹುಚ್ಚಮ್ಮನವರ ಮನೆ ತಲುಪುತ್ತದೆ, ಬೆಳಗಾಗುವುದರೊಳಗೆ ಐವತ್ತೊಂದು ಮನೆ. ಭಾನುವಾರ ಒಂದು ನರಪಿಳ್ಳೆಯೂ ಬರುವುದಿಲ್ಲ. ಬಂದರೆ ಕೇಳುವುದಕ್ಕೆ ಬರುತ್ತದೆ. ಮೂರೇ ದಿನ. ಮೂರು ದಿನದಲ್ಲಿ ಏನು ಮುಳುಗಿಹೋಗುತ್ತದೆ?

ಏನೋ ಕನ್‌ಫ್ಯೂಸ್ ಆಗಿರಬೇಕು, ಸೋಮವಾರ ಬೆಳಿಗ್ಗೆ ನಾನೇ ಹೋಗಿ ಸರಿಮಾಡುತ್ತೇನೆ ಎಂದ. ಮಾನ್ಯಾ ಕೋಣೆಯ ಬಾಗಿಲಲ್ಲಿ ನಿಂತು ಅಪ್ಪನ ಮುಖ ನೋಡಿದಳು. ಸೋಮವಾರ ಖಂಡಿತಾ ಹೋಗುತ್ತೀಯಲ್ಲ ಎಂದು ತಮಿಳಿನಲ್ಲಿ ಕೇಳಿದಳು. ಖಂಡಿತಾ ಎಂದ.

ಭಾನುವಾರ ಒಂಬತ್ತೂವರೆಗೇ ಬಳಗದ ಹಾಲಿನ ಮುಂದೆ ಆಟೋಗಳು ಸಾಲುಗಟ್ಟಿದವು. ಕಾಂಜೀವರಂ ಸೀರೆ, ಮಲ್ಲಿಗೆ, ಜರಿಪಂಚೆ, ಬಣ್ಣದ ಕಾಗದ ಸುತ್ತಿದ ಪೊಟ್ಟಣಗಳು. ನಲವತ್ತು ಕುರ್ಚಿ ಹಾಕಿಸಿ, ನಲವತ್ತು ಜನಕ್ಕೆ ಬಿಸಿಬೇಳೆ ಬಾತ್ ಹೇಳಿದ್ದ ಗುಂಡಣ್ಣ ಗೇಟಿನಲ್ಲಿ ನಿಂತು, ಇಷ್ಟು ಜನ ಯಾವ ರೈಲಿನಿಂದ ಇಳಿದರು ಎಂಬಂತೆ ನೋಡುತ್ತಿದ್ದರು. ಬಂದವರು ಅವರಿಗೂ ಕೈಮುಗಿದು, ಹುಡುಗನ ಕಡೆಯವರಿರಬೇಕೆಂದು ಪ್ರಯಾಣ ಸುಖವಾಯಿತೇ ಎಂದು ವಿಚಾರಿಸಿದರು. ಪ್ರಮೋದ್ ಒಂದು ಎರಡು ಎಂದು ತಲೆ ಎಣಿಸುತ್ತ ನೂರ ಎಪ್ಪತ್ತಕ್ಕೆ ನಿಲ್ಲಿಸಿದ.

ಮಾನ್ಯಾ ಹತ್ತಿ ಚೂಡಿದಾರದಲ್ಲಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು. ಅಪ್ಪನಿಗೆ ಒಂದು ಓಟಾದರೂ ಇರಲಿ ಎಂದು ರಜೆ ಹಾಕಿ ಬಂದವಳು. ಹೆಂಗಸರು ಅವಳನ್ನು ನೋಡಿ ಒಬ್ಬರನ್ನೊಬ್ಬರು ನೋಡಿಕೊಂಡರು. ಹುಚ್ಚಮ್ಮ ಸೊಸೆಯ ಕೈ ಹಿಡಿದು ಅಲ್ಲಿಗೇ ಬಂದು, ಗಂಟಿನಿಂದ ಅಕ್ಷತೆ ತೆಗೆದು ಅವಳ ತಲೆಯ ಮೇಲೆ ಹಾಕಿದರು.

"ಇನ್ನೂ ಸೀರೆ ಉಟ್ಟಿಲ್ವೇನೇ? ಮುಹೂರ್ತ ಹತ್ತೂವರೆಗಲ್ವಾ?"

ಮಾನ್ಯಾ ಅಕ್ಷತೆಯನ್ನು ನೋಡಿದಳು, ಪೊಟ್ಟಣಗಳನ್ನು ನೋಡಿದಳು, ಮುದುಕಿಯ ಕೈಯಲ್ಲಿದ್ದ ಹಳದಿ ಮೂಲೆಯ ಕಾರ್ಡನ್ನು ನೋಡಿದಳು. ಆಮೇಲೆ ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಅಪ್ಪನನ್ನು ನೋಡಿದಳು. ಸಂಜೀವ ಆ ಹೊತ್ತಿಗೆ ಚಪ್ಪಲಿಯ ಬಾರನ್ನು ಸರಿಮಾಡಿಕೊಳ್ಳುತ್ತಿದ್ದ.

ಪ್ರಮೋದನಿಗೂ ಆಗಲೇ ಒಂದು ಕಾರ್ಡು ಸಿಕ್ಕಿತು. ಅವನಿಗೆ ಓದಲು ಬರುತ್ತಿತ್ತು. ಓದಿ, ವಿಷಯ ತಿಳಿದು, ಎದುರು ಪಕ್ಷವನ್ನು ಒಂದೇ ಏಟಿಗೆ ಮುಗಿಸುವ ಸಂತೋಷದಲ್ಲಿ ಮೈಕು ಹಿಡಿದ.

"ಎಲ್ಲರೂ ಮದುವೆಗೆ ಬಂದ ಹಾಗಿದೆ. ಯಾರ ಮದುವೆ ಸ್ವಾಮಿ? ಇದರಲ್ಲಿ ಮದುವೆ ಅಂತ ಎಲ್ಲಿದೆ? ಅಚ್ಚ ಕನ್ನಡದಲ್ಲಿ ಚುನಾವಣೆ ಅಂತ ಬರೆದಿದೆ. ಕನ್ನಡ ಬಳಗದ ಸದಸ್ಯರು, ಯಾರೂ ಓದೇ ಇಲ್ವೇ?"

ನೂರ ಎಪ್ಪತ್ತು ಜನರ ಹಾಲಿನಲ್ಲಿ ಫ್ಯಾನುಗಳು ತಿರುಗುವುದು ಕೇಳಿಸಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಜರಿಯ ಸೆರಗುಗಳು ಪೊಟ್ಟಣಗಳನ್ನು ಮೆಲ್ಲಗೆ ಮುಚ್ಚಿಕೊಂಡವು. ಪ್ರತಿಯೊಬ್ಬರಿಗೂ ಓದಲು ಬಾರದವರು ತಾವೊಬ್ಬರೇ ಎಂಬ ನಂಬಿಕೆ. ಆ ಮೌನ ಇನ್ನೊಂದು ನಿಮಿಷ ಉಳಿದಿದ್ದರೆ ಪಾಡಿಗೆ ಬಿಡುವ ಪಕ್ಷಕ್ಕೆ ಠೇವಣಿಯೂ ಉಳಿಯುತ್ತಿರಲಿಲ್ಲ. ಆಗ ಮೂರನೆಯ ಸಾಲಿನಲ್ಲಿ ಅಂಬುಜಾ ಎದ್ದು ನಿಂತಳು. ಹತ್ತು ವರ್ಷದ ತೀರ್ಪುಗಾರಿಕೆ ಪಣಕ್ಕಿತ್ತು.

"ಓದದೇ ಏನು? ಒಂದೊಂದು ಅಕ್ಷರಾನೂ ಓದಿಯೇ ಬಂದಿದೀವಿ. ಓಟು ಹಾಕೋದಕ್ಕೆ ರೇಷ್ಮೆ ಸೀರೆ ಉಡಬಾರದು ಅಂತ ನಿಮ್ಮ ಬ್ಯಾಂಕ್‌ನಲ್ಲಿ ರೂಲ್ಸ್ ಇದ್ಯಾ?"

ಹಾಲಿಗೆ ಉಸಿರು ಬಂತು. ನಾವೂ ಓದಿದ್ದೇವೆ ಎಂದು ಎಡಗಡೆಯಿಂದ ಒಬ್ಬರು, ಎರಡು ಸಲ ಓದಿದೆವು ಎಂದು ಬಲಗಡೆಯಿಂದ ಒಬ್ಬರು. ಬರವಣಿಗೆ ಬಹಳ ಸೊಗಸಾಗಿತ್ತು, ಅದಕ್ಕೇ ಬಂದೆವು ಎಂದು ಹುಚ್ಚಮ್ಮನವರ ಸೊಸೆ. ನಮ್ಮನ್ನು ಓದಲು ಬಾರದವರು ಎನ್ನುವ ನೀವು ಯಾರು ಎಂದು ಒಬ್ಬ ಅಜ್ಜ ಪ್ರಮೋದನನ್ನು ತಮಿಳಿನಲ್ಲಿ ಬೈದರು. ದಂಡ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಬಳಗದ ಪದ್ಧತಿಯಂತೆ ಕೈ ಎತ್ತಲು ಹೇಳಿದಾಗ, ಕಾರ್ಡು ಓದಿದ್ದಕ್ಕೆ ಬೇರೆ ಸಾಕ್ಷಿ ಇರಲಿಲ್ಲವಾದ್ದರಿಂದ, ಕಾರ್ಡು ಹಂಚಿದವನ ಪರವಾಗಿ ನೂರ ಮೂವತ್ತೆಂಟು ಕೈಗಳು ಮೇಲೆದ್ದವು. ಕೆಲವರು ಎರಡೂ ಎತ್ತಿದ್ದರು; ಲೆಕ್ಕಕ್ಕೆ ಒಂದನ್ನೇ ಹಿಡಿದರು. ರೈಲ್ವೆಗೆ ಹತ್ತೊಂಬತ್ತು, ಬ್ಯಾಂಕಿಗೆ ಹನ್ನೆರಡು. ಕೈ ಎತ್ತದವಳು ಒಬ್ಬಳೇ: ಕೊನೆಯ ಸಾಲಿನಲ್ಲಿ ಮಾನ್ಯಾ, ಕೂದಲಿನಿಂದ ಅಕ್ಕಿಕಾಳು ಹೆಕ್ಕುತ್ತ.

ಸ್ವಾತಂತ್ರ್ಯದ ಪಕ್ಷವೊಂದು ಎರಡು ಹಳೆಯ ಪಕ್ಷಗಳನ್ನು ಮಣ್ಣುಮುಕ್ಕಿಸಿದ ಇಂಥ ಉದಾಹರಣೆ ಆ ಪುಸ್ತಕದ ಲೇಖಕರ ಕನಸಿನಲ್ಲೂ ಬಂದಿರಲಾರದು. ಬಲವಂತದಿಂದ ಒಂದು ಕೈಯೂ ಎದ್ದಿರಲಿಲ್ಲ. ನಾಚಿಕೆಯಿಂದ ಎದ್ದಿದ್ದವು, ಅಷ್ಟೇ.

ಪೊಟ್ಟಣಗಳನ್ನು ವಾಪಸು ಒಯ್ದರೆ ಮದುವೆಗೇ ತಂದದ್ದೆಂದು ಒಪ್ಪಿಕೊಂಡ ಹಾಗಾಗುತ್ತದೆ. ಆದ್ದರಿಂದ ವಿಜಯೀ ಅಧ್ಯಕ್ಷರಿಗೆ ಸನ್ಮಾನವೆಂದು ಎಲ್ಲರೂ ಸಾಲಾಗಿ ವೇದಿಕೆ ಹತ್ತಿದರು. ಸಂಜೀವನಿಗೆ ಒಂಬತ್ತು ಗೋಡೆ ಗಡಿಯಾರ, ನಾಲ್ಕು ಹಾಟ್‌ಬಾಕ್ಸ್, ಒಂದು ಜೋಡಿ ತಲೆದಿಂಬಿನ ಕವರು ಬಂದವು. ಕವರಿನ ಮೇಲೆ ಎರಡು ಗಿಳಿಗಳಿದ್ದವು. ನಲವತ್ತು ಜನರ ಬಾತನ್ನು ಗುಂಡಣ್ಣ ನೂರ ಎಪ್ಪತ್ತು ಎಲೆಗೆ ಹಂಚಿದರು. ಒಬ್ಬೊಬ್ಬರಿಗೆ ಎರಡು ಚಮಚ. ಚಿಲಕ ಹಾಕಿರಲಿಲ್ಲ. ಜನ ಬೇಗ ಬೇಗ ಹೊರಟುಹೋದರು.

ಸೋಮವಾರ ಬೆಳಿಗ್ಗೆ ಸಂಜೀವ ಹೇಳಿದಂತೆಯೇ ತಿರುವಲ್ಲಿಕ್ಕೇಣಿಗೆ ಹೋದ. ಶಾರದಮ್ಮ ಮಜ್ಜಿಗೆ ಕೊಟ್ಟು, ಫ್ಯಾನು ಜೋರು ಮಾಡಿ, ಅವನು ಹೇಳಿದ್ದೆಲ್ಲವನ್ನೂ ಪೂರ್ತಿ ಕೇಳಿಸಿಕೊಂಡರು. ಕಾರ್ಡು, ಅರಿಶಿನ, ಜನ ತಪ್ಪು ತಿಳಿದದ್ದು. ಅವರು ನಗಲಿಲ್ಲ. ಸುಘೋಷ ಶುಕ್ರವಾರ ಪೂರ್ತಿ ಊಟ ಮಾಡಲಿಲ್ಲವೆಂದೂ, ಸೇಲಂನವರು ಬಹಳ ದಿನದಿಂದ ಕೇಳುತ್ತಿದ್ದರೆಂದೂ, ನಿನ್ನೆ ಬೆಳಿಗ್ಗೆ ತಾಂಬೂಲ ಬದಲಾಯಿಸಿದ್ದಾಯಿತೆಂದೂ ತಿಳಿಸಿದರು.

"ನಿನ್ನೆ ಬೆಳಿಗ್ಗೆ ಹತ್ತೂವರೆಗೆ" ಎಂದರು. ಆಮೇಲೆ, ನಿಧಾನವಾಗಿ, "ನೀವು ಗುರುವಾರವೇ ಬಂದಿದ್ರೆ ಆಗ್ತಿತ್ತು."

ಸಂಜೀವ ಮಜ್ಜಿಗೆಯ ಲೋಟವನ್ನು ಇಟ್ಟು ಎದ್ದ. ಬಸ್ಸಿನಲ್ಲಿ ಕೂರಲು ಜಾಗವಿತ್ತು. ಅವನು ವಡಪಳನಿಯವರೆಗೆ ನಿಂತೇ ಬಂದ.

ಅದೇ ಸಾಯಂಕಾಲ ಗುಂಡಣ್ಣ ಮನೆಗೆ ಬಂದರು. ಸೋಲಿನ ದುಃಖ ಅವರಿಗೆ ಇದ್ದಂತಿರಲಿಲ್ಲ. ತಿರುವಲ್ಲಿಕ್ಕೇಣಿಯ ಸುದ್ದಿ ಅವರಿಗೆ ಮುಟ್ಟಿತ್ತು. ಕಾಫಿ ಬೇಡವೆಂದು ಕೈಯಾಡಿಸಿ, ಸಂಜೀವನ ಎದುರು ಕುರ್ಚಿ ಎಳೆದುಕೊಂಡು ಕೂತರು. ರಂಜನಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಟೇಬಲ್ಲಿನ ಮೇಲೆ ಒಂಬತ್ತು ಗಡಿಯಾರಗಳು ಒಂಬತ್ತು ವೇಳೆ ತೋರಿಸುತ್ತಿದ್ದವು.

"ನಾ ಒಂದೇ ಮಾತು ಕೇಳ್ತೇನಿ ಸಂಜೀವ" ಎಂದರು ಗುಂಡಣ್ಣ. "ಐವತ್ತು ಮನಿ ಹೊಕ್ಕು ಬಂದಿ. ಅಷ್ಟೂ ಮಂದಿ ಮದಿವಿ ಅಂತ ತಿಳಕೊಂಡಾರ. ಒಬ್ಬರೂ ನಿನ್ನ ಮುಂದ ಬಾಯಿ ಬಿಟ್ಟು ಮದಿವಿ ಅನ್ನಲಿಲ್ಲೇನು? ನಿನಗ ಗೊತ್ತಿದ್ದಿಲ್ಲೇನು?"

ಸಂಜೀವ ಬಾಯಿ ತೆರೆದ. ಅಷ್ಟರಲ್ಲಿ ಮಾನ್ಯಾ ಕೋಣೆಯಿಂದ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ಬಂದು ಅಪ್ಪನ ಕುರ್ಚಿಯ ಹಿಂದೆ ನಿಂತು, ಅದರ ಬೆನ್ನಿನ ಮೇಲೆ ಕೈಯಿಟ್ಟಳು. ಗುಂಡಣ್ಣನವರಿಗಾಗಿ ಅವಳು ಕನ್ನಡದಲ್ಲೇ, ಒಂದೊಂದು ಪದವನ್ನೂ ಹುಡುಕಿ ಹುಡುಕಿ ಮಾತಾಡಿದಳು.

"ಅಪ್ಪಂಗೆ ಏನೂ ಗೊತ್ತಿರಲಿಲ್ಲ ಮಾಮಾ. ಅವರು ಸ್ವಲ್ಪ ಹಾಗೇ. ಎದುರಿಗಿರೋದೇ ಕಾಣಲ್ಲ ಅವರಿಗೆ. ಗೊತ್ತಿದ್ರೆ ಗುರುವಾರವೇ ಹೋಗ್ತಿದ್ರು. ನಂಗೋಸ್ಕರ ಹೋಗ್ತಿದ್ರು. ಅವರನ್ನ ಏನೂ ಕೇಳಬೇಡಿ."

ಗುಂಡಣ್ಣ ಬಹಳ ಹೊತ್ತು ಸಂಜೀವನನ್ನೇ ನೋಡಿದರು. ಆಮೇಲೆ ಹೌದು ಹೌದು ಎನ್ನುತ್ತ ಎದ್ದು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಹೋದರು. ರಂಜನಿ ಒಳಗೆ ಹೋಗಿ ಕುಕ್ಕರು ಇಟ್ಟಳು. ಮಾನ್ಯಾ ಕೈ ತೆಗೆಯದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

ಮೊದಲಿನಿಂದಲೂ ತನಗೆ ಗೊತ್ತಿತ್ತು ಎಂದು ಸಂಜೀವ ಅವಳಿಗೆ ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.